ಚದುರಂಗದ ಪದವಿಗಳೂ ನಮ್ಮ ಬಾಲಿಕೆಯರೂ

ಚದುರಂಗವು ಸೋಮಾರಿಗಳ ಆಟವೆಂದೂ, ಗಂಡಸರು ಜಗಲಿಯಲ್ಲಿ ಕುಳಿತು ಹೊತ್ತು ಕಳೆಯುವದಕ್ಕೆ ಹುಟ್ಟಿದುದೆಂದೂ ಹೇಳುವ ಮಾತಾಪಿತೃಗಳು ಇಂದಿಗೂ ಉಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ರಚಿಸಿದವರು. 1831ರಲ್ಲಿ ರಾಜ್ಯಭಾರವು ಕಂಪೆನಿಯ ವಶವಾದ ಬಳಿಕ ಅವರ ಆಜ್ಞೆಯು ಅಡೆತಡೆಯಿಲ್ಲದೆ ನಡೆದ ರಾಜ್ಯವು ಬಹುಶಃ ಅದೊಂದೇ. ಇರಲಿ. ಈ ಕಲ್ಪಿತ ರಾಜ್ಯದಲ್ಲಿ ಯಾರಿಗೆ ಯಾವ ಪದವಿ, ಅದನ್ನು ಕೊಟ್ಟವರಾರು ಎಂಬ ವಿಚಾರವು ಹೆಣ್ಣುಮಕ್ಕಳನ್ನು ಓದಿಸುತ್ತಿರುವ ನಮಗೆಲ್ಲರಿಗೂ ಸಂಬಂಧಪಟ್ಟದ್ದೆಂದು ಎಣಿಸಿ ಇಲ್ಲಿ ಪ್ರಸ್ತಾಪಿಸುತ್ತೇವೆ.

ನಮ್ಮ ದೇಶದಲ್ಲಿ ಹುಟ್ಟಿದ ಮೂಲ ಚತುರಂಗದಲ್ಲಿ ರಾಜನ ಮಗ್ಗುಲಲ್ಲಿ ನಿಂತ ಮಂತ್ರಿಗೆ ಓರೆಯಾಗಿ ಒಂದೇ ಮನೆಯ ನಡೆಯಿತ್ತು. ಹೆಸರು ದೊಡ್ಡದು, ಬಲವು ಬಹಳ ಚಿಕ್ಕದು. ಪಾರಸಿಗಳ ಮತ್ತು ಅರಬರ ಕೈ ದಾಟಿ ಆಟವು ಯೂರೋಪನ್ನು ಸೇರಿದಾಗ, ಸುಮಾರು ಒಂದು ಸಾವಿರ ವರ್ಷಗಳ ಹಿಂದೆ, ಆ ಮಂತ್ರಿಯು ರಾಣಿಯೆನಿಸಿಕೊಂಡನು. ಆದರೆ ಬದಲಾದದ್ದು ಹೆಸರು ಮಾತ್ರ. ರಾಣಿಯೂ ಐನೂರು ವರ್ಷ ಆ ಒಂದೇ ಮನೆಯ ನಡೆಯಲ್ಲಿಯೇ ಇದ್ದಳು. ಹದಿನೈದನೆಯ ಶತಮಾನದ ಕಡೆಯಲ್ಲಿ ಸ್ಪೇನ್ ದೇಶದಲ್ಲಿ ಹೊಸ ಕ್ರಮವು ಕಾಣಿಸಿಕೊಂಡಿತು. 1497ರಲ್ಲಿ ಲುಸೆನಾ ಎಂಬಾತನು ಅಚ್ಚುಹಾಕಿಸಿದ ಗ್ರಂಥದಲ್ಲಿ ರಾಣಿಯು ಎಂಟು ದಿಕ್ಕಿಗೂ ಬೇಕಾದಷ್ಟು ದೂರ ಸಾಗುವಳು. ಆಗ ಸ್ಪೇನಿನಲ್ಲಿ ಇಸಾಬೆಲ್ಲಾ ರಾಣಿಯು ಆಳುತ್ತಿದ್ದಳೆಂಬುದೇ ಇದಕ್ಕೆ ಕಾರಣವೆಂದು ಕೆಲವರ ಊಹೆ. ನಾವು ಅದನ್ನು ಊಹೆಯೆಂದೇ ಬಿಡುತ್ತೇವೆ. ಫ್ರಾನ್ಸಿನಲ್ಲಿಯೂ ಇಟಲಿಯಲ್ಲಿಯೂ ಜನರು ಈ ಹೊಸ ಆಟಕ್ಕೆ ಹುಚ್ಚು ರಾಣಿಯ ಆಟವೆಂಬರ್ಥದ ಹೆಸರಿಟ್ಟರಂತೆ. ಮನೆಯಿಂದ ಹೊರಗೆ ನಡೆಯತೊಡಗಿದ ಹೆಣ್ಣಿಗೆ ಲೋಕವು ಮೊದಲು ಕೊಡುವ ಬಿರುದು ಅದೇ ತಾನೆ!

ಹೆಸರಿನಿಂದ ಪದವಿಯಿಲ್ಲ ಎಂಬುದಕ್ಕೆ ಇನ್ನೊಂದು ಕಾಯಿಯನ್ನು ನೋಡಿರಿ. ನಮ್ಮವರು ಒಂಟೆಯೆನ್ನುವದನ್ನು ಇಂಗ್ಲಿಷರು ಬಿಷಪರೆನ್ನುವರು, ಫ್ರೆಂಚರು ವಿದೂಷಕನೆನ್ನುವರು, ಜರ್ಮನರು ಓಟಗಾರನೆನ್ನುವರು. ಬಿಷಪರು ಬೇಸರಿಸಬೇಕಾಗಿಲ್ಲ; ನಾಲ್ವರ ನಡೆಯೂ ಒಂದೇ. ಕಾಲಾಳಿನ ಸಂಗತಿಯು ಎಲ್ಲರಿಗೂ ತಿಳಿದದ್ದೇ: ಎಂಟನೆಯ ಸಾಲನ್ನು ಮುಟ್ಟಿದರೆ ಅದು ರಾಣಿಯೂ ಆಗಬಹುದು.

ಇನ್ನು ಆಡುವವರ ಪದವಿಗಳು. ಇಲ್ಲಿಯೇ ನಮ್ಮ ಆಕ್ಷೇಪವಿರುವದು. ಫಿಡೆ ಎಂಬ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವು ಗ್ರಾಂಡ್‌ಮಾಸ್ಟರ್ ಪದವಿಗೆ 2500 ಅಂಕಗಳ ಮಟ್ಟವನ್ನು ಗೊತ್ತುಮಾಡಿದೆ. ಆ ಪದವಿಯು ಹೆಂಗಸರಿಗೂ ತೆರೆದದ್ದೇ. ಆದರೆ 1976ರಿಂದ ಮಹಿಳಾ ಗ್ರಾಂಡ್‌ಮಾಸ್ಟರ್ ಎಂಬ ಬೇರೊಂದು ಪದವಿಯೂ ಇದೆ. ಅದಕ್ಕೆ 2300 ಅಂಕಗಳು ಸಾಕು. ಶರೀರಬಲದ ಆಟಗಳಲ್ಲಿ ಹೀಗೆ ಭೇದಮಾಡುವದು ನಮಗೆ ಅರ್ಥವಾಗುತ್ತದೆ. ಮೇಜಿನ ಮುಂದೆ ಕುಳಿತು ಯೋಚಿಸುವ ಆಟದಲ್ಲಿ ಹುಡುಗಿಯರಿಗೆಂದು ಒಂದು ಗಿಡ್ಡ ಏಣಿಯನ್ನು ಯಾತಕ್ಕೆ ನಿಲ್ಲಿಸಬೇಕು?

ಪ್ರೋತ್ಸಾಹಕ್ಕಾಗಿ ಎಂಬ ಉತ್ತರವು ಬರುವದು. ಸ್ತ್ರೀಯರ ಪ್ರತ್ಯೇಕ ಪಂದ್ಯಗಳಿಂದ ಉಪಕಾರವಾಗಿದೆಯೆಂಬುದನ್ನು ನಾವು ಅಲ್ಲಗಳೆಯುವದಿಲ್ಲ. 2025ರಲ್ಲಿ ನಮ್ಮ ದೇಶದ ದಿವ್ಯಾ ದೇಶಮುಖ್ ಎಂಬ ಹತ್ತೊಂಬತ್ತು ವರ್ಷದ ಕನ್ಯೆಯು ಸ್ತ್ರೀಯರ ವಿಶ್ವಕಪ್ಪನ್ನು ಗೆದ್ದೇ ಗ್ರಾಂಡ್‌ಮಾಸ್ಟರ್ ಪದವಿಯನ್ನು ಪಡೆದಳು. ಪಂದ್ಯವು ಬೇರೆ, ಪದವಿಯು ಬೇರೆ. ಕಡಿಮೆ ಅಂಕದ ಪದವಿಯು ಬುದ್ಧಿವಂತೆಯಾದ ಹುಡುಗಿಯ ಕಿವಿಯಲ್ಲಿ, ನಿನಗೆ ಇಷ್ಟು ಸಾಕು ಎಂದು ಪಿಸುಗುಟ್ಟುವದು. ಮನೆಯವರಿಗೂ ಅಷ್ಟೇ ಸಾಕೆನಿಸುವದು. ಹಂಗೆರಿಯ ಜುಡಿತ್ ಪೋಲ್ಗಾರಳು ಆ ದಾರಿಯನ್ನು ಬಿಟ್ಟು ಗಂಡಸರ ನಡುವೆಯೇ ಆಡುತ್ತ 1991ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಗ್ರಾಂಡ್‌ಮಾಸ್ಟರಳಾದಳು. 2005ರಲ್ಲಿ ಲೋಕದ ಎಂಟನೆಯ ಸ್ಥಾನಕ್ಕೇರಿದಳು. ನಮ್ಮ ನೆರೆಯ ಆಂಧ್ರದ ಕೊನೇರು ಹಂಪಿಯೂ 2002ರಲ್ಲಿ ಹದಿನೈದನೆಯ ವಯಸ್ಸಿಗೇ ಆ ಪದವಿಯನ್ನು ಪಡೆದಳು.

ಇನ್ನೂ ಹಳೆಯ ಒಂದು ಸಂಗತಿಯನ್ನು ಹೇಳದೆ ಇರಲಾರೆವು. 1927ರಲ್ಲಿ ಪ್ರಥಮ ಮಹಿಳಾ ಜಗಜ್ಜೇತೆಯಾದ ವೇರಾ ಮೆಂಚಿಕಳು 1929ರಲ್ಲಿ ಕಾರ್ಲ್ಸ್‌ಬಾಡಿನ ಪಂದ್ಯಕ್ಕೆ ಬಂದಾಗ, ಅವಳಿಗೆ ಸೋತವರನ್ನೆಲ್ಲ ಸೇರಿಸಿ ಒಂದು ಸಂಘವನ್ನು ಕಟ್ಟೋಣವೆಂದು ಬೆಕರ್ ಎಂಬ ಆಟಗಾರನು ಹಾಸ್ಯಮಾಡಿದನು. ಸಂಘದ ಮೊದಲನೆಯ ಸದಸ್ಯನು ಅವನೇ ಆದನು. 1935ರಲ್ಲಿ ಜಗಜ್ಜೇತನಾದ ಎಯುವೆ ಎಂಬಾತನೂ ಅದಕ್ಕೆ ಮುಂಚೆಯೇ ಎರಡು ಸಲ ಅವಳಿಗೆ ಸೋತಿದ್ದನು. 1944ರಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನರ ಹಾರುಬಾಂಬಿಗೆ ಅವಳು ತಾಯಿಯೊಡನೆಯೂ ತಂಗಿಯೊಡನೆಯೂ ಬಲಿಯಾದಳು. ಮಹಿಳಾ ಗ್ರಾಂಡ್‌ಮಾಸ್ಟರ್ ಎಂಬ ಪದವಿಯು ಆಗ ಹುಟ್ಟಿರಲೇ ಇಲ್ಲ.

ಆದಕಾರಣ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಮನೆಯ ಅಟ್ಟದ ಮೇಲೆ ಧೂಳು ಹಿಡಿದಿರುವ ಚದುರಂಗದ ಹಲಗೆಗಳಿದ್ದರೆ ದಯಮಾಡಿ ಶಾಲೆಗೆ ಕಳುಹಿಸಿರಿ. ಕಾಯಿಗಳಲ್ಲಿ ಒಂದೆರಡು ಕಳೆದಿದ್ದರೂ ಚಿಂತೆಯಿಲ್ಲ; ಕಾಲಾಳಿನ ಬದಲಿಗೆ ಅಂಗಿಯ ಗುಂಡಿಯನ್ನಿಟ್ಟು ನಮ್ಮ ಬಾಲಿಕೆಯರು ಆಡಬಲ್ಲರು. ಹಾಗೂ ಮಗಳು ಪಂದ್ಯಕ್ಕೆ ಹೆಸರು ಕೊಡುವಾಗ, ಹುಡುಗಿಯರ ಪಟ್ಟಿಯ ಜೊತೆಗೆ ಎಲ್ಲರ ಪಟ್ಟಿಯಲ್ಲಿಯೂ ಬರೆಯಿಸುವದಕ್ಕೆ ಅವಕಾಶವುಂಟೋ ಎಂದು ವಿಚಾರಿಸಿರಿ.