ಹಿಂಬರಹ ಬರುವ ಹೊತ್ತಿಗೆ ಗುಡ್ಡ ಉಳಿದಿರುವುದಿಲ್ಲ

ಪಶ್ಚಿಮ ಘಟ್ಟವನ್ನು ಕುರಿತ ವರದಿಯೊಂದನ್ನು ಪಶ್ಚಿಮ ಘಟ್ಟದ ಜನರ ಕೈಗೆ ಕೊಡಲಾಗದೆಂದು ಕೇಂದ್ರ ಸರ್ಕಾರವೇ ಹೈಕೋರ್ಟಿನ ಮೆಟ್ಟಿಲೇರಿತ್ತು ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ನಂಬಿಕೆ ಬಾರದಿರಬಹುದು. ನಡೆದದ್ದು ಹಾಗೆಯೇ. ಮಾಹಿತಿ ಹಕ್ಕಿನ ಅರ್ಜಿಗಳನ್ನು ಸರ್ಕಾರಿ ಕಚೇರಿಗಳು ಹೇಗೆ ನೋಡುತ್ತವೆ, ನಿರಾಕರಿಸಿದ ಮೇಲೆ ಆ ನಿರಾಕರಣೆಯನ್ನು ಯಾರು, ಹೇಗೆ ಮರುಪರಿಶೀಲಿಸುತ್ತಾರೆ ಎಂಬುದನ್ನು ತಿಳಿಯಲು ಮಲೆನಾಡಿಗರಾದ ನಮಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯನ್ನು ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ 2010ರ ಮಾರ್ಚ್‌ನಲ್ಲಿ ರಚಿಸಿತು. ಸಮಿತಿ ಘಟ್ಟದ ಉದ್ದಕ್ಕೂ ಸಂಚರಿಸಿ, ಜನರೊಡನೆ ಮಾತನಾಡಿ, 2011ರ ಆಗಸ್ಟ್ 31ರಂದು ವರದಿ ಸಲ್ಲಿಸಿತು. ನಮ್ಮ ಹಾಸನ ಜಿಲ್ಲೆಯ ಗುಂಡ್ಯ ಜಲವಿದ್ಯುತ್ ಯೋಜನೆಗೂ ಕೇರಳದ ಅತಿರಪ್ಪಿಳ್ಳಿ ಯೋಜನೆಗೂ ಅನುಮತಿ ನೀಡಬಾರದೆಂಬ ಶಿಫಾರಸು ಅದರಲ್ಲಿತ್ತು. ವರದಿ ಸಚಿವಾಲಯದ ಕಪಾಟು ಸೇರಿತು. ಕೇರಳದ ಅರ್ಜಿದಾರರೊಬ್ಬರು ಅತಿರಪ್ಪಿಳ್ಳಿಗೆ ಸಂಬಂಧಿಸಿದ ಭಾಗವನ್ನು ಮಾಹಿತಿ ಹಕ್ಕು ಅಧಿನಿಯಮದ ಅಡಿ ಕೇಳಿದಾಗ ಸಿಕ್ಕ ಉತ್ತರ, ವರದಿ ಇನ್ನೂ ಅಂತಿಮವಾಗಿಲ್ಲ, ಪರಿಶೀಲನೆಯಲ್ಲಿದೆ ಎಂಬುದು. ಸಚಿವಾಲಯದೊಳಗಿನ ಮೊದಲ ಮೇಲ್ಮನವಿಯಿಂದಲೂ ಮಾಹಿತಿ ದೊರೆಯಲಿಲ್ಲ. ಪ್ರಕರಣ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಯಿತು.

ಅಲ್ಲಿ ಸಚಿವಾಲಯ ಆಸರೆ ಪಡೆದದ್ದು ಅಧಿನಿಯಮದ ಕಲಂ 8(1)(ಎ)ಯಲ್ಲಿ. ದೇಶದ ಸಾರ್ವಭೌಮತ್ವ, ಭದ್ರತೆ, ವಿದೇಶಗಳೊಂದಿಗಿನ ಸಂಬಂಧ, ರಾಷ್ಟ್ರದ ವೈಜ್ಞಾನಿಕ ಮತ್ತು ಆರ್ಥಿಕ ಹಿತಾಸಕ್ತಿ ಇವುಗಳಿಗೆ ಧಕ್ಕೆ ತರುವ ಮಾಹಿತಿಯನ್ನು ತಡೆಹಿಡಿಯಲು ಇರುವ ಕಲಂ ಅದು. ಕಪ್ಪೆ, ಸಿಂಗಳೀಕ, ಶೋಲಾ ಕಾಡು, ನದಿಮೂಲಗಳ ಕುರಿತ ಬರಹ ಗಡಿ ರಕ್ಷಣೆಯ ಪಕ್ಕದಲ್ಲಿ ಹೋಗಿ ಕುಳಿತಿತು! ಅವಧಿಗೆ ಮುನ್ನ ವರದಿ ಹೊರಬಂದರೆ ತಮ್ಮ ಪ್ರದೇಶವನ್ನೂ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿ ಎಂದು ಜನರೂ ಸಂಘಸಂಸ್ಥೆಗಳೂ ಪ್ರಸ್ತಾವಗಳನ್ನು ತಂದು ಸುರಿದಾರು ಎಂಬುದೂ ಸಚಿವಾಲಯ ತೋಡಿಕೊಂಡ ಆತಂಕಗಳಲ್ಲೊಂದು. ಪರಿಸರ ರಕ್ಷಣೆಗೆಂದೇ ಇರುವ ಸಚಿವಾಲಯ, ಜನರು ಪರಿಸರ ರಕ್ಷಣೆ ಕೇಳಿಬಿಟ್ಟಾರೆಂದು ಅಂಜಿದ ಪ್ರಸಂಗವಿದು.

ಮಾಹಿತಿ ಆಯುಕ್ತ ಶೈಲೇಶ್ ಗಾಂಧಿ ಅವರು 2012ರ ಏಪ್ರಿಲ್ 9ರಂದು ಈ ವಾದವನ್ನು ತಳ್ಳಿಹಾಕಿ ವರದಿಯನ್ನು ಬಹಿರಂಗಪಡಿಸಲು ಆದೇಶಿಸಿದರು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಮೇ 17ರಂದು ನ್ಯಾಯಮೂರ್ತಿ ವಿಪಿನ್ ಸಾಂಘಿ ಅವರು ಅರ್ಜಿಯನ್ನು ವಜಾ ಮಾಡಿದರು. ಸಮಿತಿ ತನ್ನ ಕೆಲಸ ಮುಗಿಸಿ ಕೊಟ್ಟ ವರದಿಯನ್ನು ಸರ್ಕಾರ ಒಪ್ಪುವುದು ಬಿಡುವುದು ಒಂದು ವಿಚಾರ, ಅದನ್ನು ಜನರು ಓದುವುದು ಇನ್ನೊಂದು ವಿಚಾರ. ಇವೆರಡನ್ನು ಬೆಸೆದು ಒಂದಾಗಿಸಿದ್ದೇ ಸಚಿವಾಲಯದ ತಪ್ಪು. ಕೊನೆಗೆ ಮೇ 23ರಂದು ವರದಿ ಬೆಳಕು ಕಂಡಿತು. ಸಲ್ಲಿಕೆಯಾದ ದಿನದಿಂದ ಲೆಕ್ಕ ಹಾಕಿದರೆ 266 ದಿನ.

ಅರ್ಜಿದಾರರು ಗೆದ್ದರು, ನಿಜ. ಆದರೆ ಆ 266 ದಿನಗಳನ್ನು ಯಾರು ಗೆದ್ದರು? ಯಾವ ಚಟುವಟಿಕೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಬೇಕೆಂಬುದು ಆ ವರದಿಯ ತಿರುಳು. ಗ್ರಾಮಸಭೆಗೆಂದು ಬರೆದದ್ದು ಗ್ರಾಮಸಭೆಯನ್ನು ಮುಟ್ಟಲೇ ಇಲ್ಲ. ಮುಂದೆ ಕಸ್ತೂರಿರಂಗನ್ ಸಮಿತಿ ಬಂತು. 2013ರ ಏಪ್ರಿಲ್‌ನಲ್ಲಿ ಅದರ ವರದಿಯೂ, 2014ರಿಂದ ಒಂದರ ಹಿಂದೊಂದು ಕರಡು ಅಧಿಸೂಚನೆಗಳೂ ಬಂದವು. ಅಷ್ಟರಲ್ಲಿ ಮಲೆನಾಡಿನ ಊರೂರಿನಲ್ಲಿ ಒಕ್ಕಲೆಬ್ಬಿಸುತ್ತಾರಂತೆ, ತೋಟಕ್ಕೆ ಕಾಲಿಡುವಂತಿಲ್ಲವಂತೆ ಎಂಬ ಮಾತುಗಳು ಬೇರು ಬಿಟ್ಟಿದ್ದವು. ವರದಿಯನ್ನು ಒಪ್ಪದ ನಮ್ಮ ಅನೇಕ ರೈತ ಬಂಧುಗಳ ಮೇಲೆ ನನಗೆ ಕೋಪವಿಲ್ಲ. ಓದಲು ಕೊಡದೆ ಬಚ್ಚಿಟ್ಟ ಕಾಗದವನ್ನು ಯಾರು ತಾನೆ ನಂಬಿಯಾರು?

ಇಷ್ಟಾದರೂ ಈ ಪ್ರಕರಣದಲ್ಲಿ ಒಂದು ಸಮಾಧಾನವಿದೆ. ಅಲ್ಲಿ ನಿರಾಕರಣೆ ಸ್ಪಷ್ಟವಾಗಿತ್ತು. ಕಲಂ ಯಾವುದು, ಕಾರಣ ಯಾವುದು ಎಂದು ಬರೆದಿತ್ತು. ಆದ್ದರಿಂದಲೇ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಯಾರೂ ನಿರಾಕರಿಸುವುದಿಲ್ಲ. ಅಲ್ಲಿ ಹಿಂಬರಹ ಬರುತ್ತದೆ.

ನಮ್ಮೂರಿನ ಮೇಲಿನ ಗುಡ್ಡವನ್ನು ರಸ್ತೆ ಅಗಲೀಕರಣಕ್ಕಾಗಿ ಕಡಿಯತೊಡಗಿದಾಗ ನಾವು ಒಂದು ಕಚೇರಿಗೆ ಅರ್ಜಿ ಹಾಕಿದೆವು. ಕೇಳಿದ್ದು ಎರಡೇ: ಮಂಜೂರಾದ ನಕ್ಷೆ ಮತ್ತು ಕಡಿಯಲಿರುವ ಮರಗಳ ಪಟ್ಟಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಸ್ವೀಕೃತಿ, ಎಲ್ಲವೂ ಕ್ರಮಬದ್ಧ. ಮೂವತ್ತು ದಿನ ಕಳೆದು ಮೂವತ್ತನಾಲ್ಕನೆಯ ದಿನ ಹಿಂಬರಹ ಬಂತು. ಕಡತವು ಮೇಲಿನ ಕಚೇರಿಯಲ್ಲಿದೆ, ಅಲ್ಲಿ ವಿಚಾರಿಸಿಕೊಳ್ಳುವುದು. ಮಾಹಿತಿ ಬೇರೆ ಪ್ರಾಧಿಕಾರದ ಬಳಿ ಇದ್ದರೆ ಐದು ದಿನದೊಳಗೆ ಅರ್ಜಿಯನ್ನು ತಾನೇ ಅಲ್ಲಿಗೆ ವರ್ಗಾಯಿಸಬೇಕು ಎನ್ನುತ್ತದೆ ಕಲಂ 6(3). ಅಲೆಯಬೇಕಾದದ್ದು ಅರ್ಜಿ, ಅರ್ಜಿದಾರನಲ್ಲ. ನಾವು ಮೊದಲ ಮೇಲ್ಮನವಿ ಸಲ್ಲಿಸಿದೆವು. ವಿಚಾರಣೆಯ ತಿಳಿವಳಿಕೆ ಪತ್ರ ವಿಚಾರಣೆಯ ಮರುದಿನ ಅಂಚೆಯಲ್ಲಿ ಕೈಸೇರಿತು. ಒಂದು ವಾರದ ಬಳಿಕ ಆದೇಶ ಬಂತು: ಮೇಲ್ಮನವಿದಾರರು ಗೈರುಹಾಜರು, ಮಾಹಿತಿ ಅಧಿಕಾರಿಯ ಕ್ರಮವನ್ನು ಎತ್ತಿಹಿಡಿಯಲಾಗಿದೆ. ಎರಡು ಸಾಲು.

ಈ ಎರಡು ಸಾಲುಗಳ ಬಗ್ಗೆಯೇ ನಾನು ಹೆಚ್ಚು ಹೇಳಬೇಕೆಂದಿರುವುದು. ಮಾಹಿತಿ ಹಕ್ಕಿನ ಚರ್ಚೆ ಬಂದಾಗಲೆಲ್ಲ ನಮ್ಮ ಕಣ್ಣು ಒಂದೋ ಅರ್ಜಿ ಪಡೆಯುವ ಗುಮಾಸ್ತರ ಮೇಲೆ, ಇಲ್ಲವೇ ಬೆಂಗಳೂರಿನ ಆಯೋಗದ ಮೇಲೆ ನೆಟ್ಟಿರುತ್ತದೆ. ನಡುವಿನ ಮೆಟ್ಟಿಲನ್ನು ಯಾರೂ ಗಮನಿಸುವುದಿಲ್ಲ. ಕಲಂ 19(1)ರ ಪ್ರಕಾರ ಮೊದಲ ಮೇಲ್ಮನವಿ ಪ್ರಾಧಿಕಾರಿ ಅದೇ ಇಲಾಖೆಯ ಹಿರಿಯ ಅಧಿಕಾರಿ. ಹಲವೊಮ್ಮೆ ನಾವು ಕೇಳಿದ ಕಡತಕ್ಕೆ ಸಹಿ ಹಾಕಿದವರೂ ಅವರೇ ಆಗಿರುತ್ತಾರೆ. ಆದರೂ ಶಾಸನಕರ್ತರು ಈ ಮೆಟ್ಟಿಲನ್ನು ಇಟ್ಟದ್ದು ನಾಟಕಕ್ಕಲ್ಲ. ಇಲಾಖೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲಿ, ಹಳ್ಳಿಯವನು ರಾಜಧಾನಿಗೆ ಅಲೆಯುವುದು ತಪ್ಪಲಿ ಎಂಬ ಉದ್ದೇಶ ಅದರ ಹಿಂದಿದೆ. ಮಾಹಿತಿ ನಿರಾಕರಿಸಿದ್ದು ಸರಿಯೆಂದು ರುಜುವಾತುಪಡಿಸುವ ಹೊಣೆ ಅಧಿಕಾರಿಯದು, ಕೇಳಿದವನದಲ್ಲ ಎಂದು ಕಲಂ 19(5) ನಿಸ್ಸಂದಿಗ್ಧವಾಗಿ ಹೇಳಿದೆ. ಮೊದಲ ಮೇಲ್ಮನವಿಯ ಆದೇಶ ಕಾರಣಸಹಿತವಾಗಿರಬೇಕೆಂದು ಕೇಂದ್ರ ಸಿಬ್ಬಂದಿ ಇಲಾಖೆ ತನ್ನ ವ್ಯಾಪ್ತಿಯ ಕಚೇರಿಗಳಿಗೆ 2007ರಲ್ಲೇ ತಿಳಿಸಿತ್ತು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಮೇಲ್ಮನವಿದಾರ ಹಾಜರಾಗದಿದ್ದರೆ ಅಧಿಕಾರಿಯ ಹೊಣೆಯೇ ಇಳಿದುಹೋಯಿತೆಂದು ಭಾವಿಸಲಾಗುತ್ತದೆ.

ಇನ್ನೂ ಒಂದು ವಿಚಿತ್ರವಿದೆ. ಮಾಹಿತಿ ಅಧಿಕಾರಿ ತಡಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ವಿಧಿಸುವುದು ಅಪರೂಪ, ಅದು ಬೇರೆ ಮಾತು. ಆದರೆ ಮೊದಲ ಮೇಲ್ಮನವಿ ಪ್ರಾಧಿಕಾರಿ 45 ದಿನದಲ್ಲಿ ತೀರ್ಮಾನಿಸದಿದ್ದರೆ ಈ ದಂಡ ಅವರನ್ನು ಮುಟ್ಟುವುದಿಲ್ಲ. ಶಿಕ್ಷೆಯ ಅಂಜಿಕೆ ಕಿರಿಯನಿಗೆ ಮಾತ್ರ. ಅರಣ್ಯ ವಲಯ ಕಚೇರಿಯಲ್ಲೋ ಗ್ರಾಮ ಪಂಚಾಯತಿಯಲ್ಲೋ ನಾಲ್ಕು ಜನರ ಕೆಲಸವನ್ನು ಒಬ್ಬರೇ ಹೊತ್ತಿರುವ ನೌಕರರ ಕಷ್ಟ ನನಗೆ ತಿಳಿಯದ್ದೇನಲ್ಲ. ವೈಯಕ್ತಿಕ ಹಗೆಗಾಗಿ ಅರ್ಜಿಗಳ ಮಳೆ ಸುರಿಸುವವರೂ ನಮ್ಮ ನಡುವೆ ಇದ್ದಾರೆ. ಅಂಥವರಿಂದ ಈ ಕಾಯಿದೆಗೆ ಆದ ಹಾನಿ ಸಣ್ಣದಲ್ಲ. ಆದರೆ ಆ ನೌಕರ ಕಡತ ಕೊಡಲಾಗದೆ ತೊಳಲುವುದು ಮೇಲಿನವರ ಮರ್ಜಿ ಕಾಯಬೇಕಾದ್ದರಿಂದಲೇ.

ಕಾಲದ ಲೆಕ್ಕವನ್ನೂ ನೋಡಬೇಕು. 2006ರ ಪರಿಸರ ಪ್ರಭಾವ ಮೌಲ್ಯಮಾಪನ ಅಧಿಸೂಚನೆಯಂತೆ ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ಜನರಿಗೆ ದೊರೆಯುವ ಕಾಲಾವಕಾಶ ಕನಿಷ್ಠ 30 ದಿನ. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಲು 60 ದಿನ. ಸಭೆಯ ಪ್ರಕಟಣೆ ಕಂಡ ದಿನವೇ ಓಡಿಹೋಗಿ ಅರ್ಜಿ ಹಾಕಿದರೂ ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30ರಿಂದ 45 ದಿನ. ಎರಡನೆಯ ಮೇಲ್ಮನವಿಯನ್ನು ನಾವು 90 ದಿನದೊಳಗೆ ಸಲ್ಲಿಸಬೇಕು. ಆಯೋಗ ಅದನ್ನು ಎಷ್ಟು ದಿನದೊಳಗೆ ಇತ್ಯರ್ಥಪಡಿಸಬೇಕೆಂದು ಅಧಿನಿಯಮ ಹೇಳಿಯೇ ಇಲ್ಲ. ಆಯುಕ್ತರ ಹುದ್ದೆಗಳನ್ನು ಖಾಲಿ ಬಿಡಬಾರದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತಾಕೀತು ಮಾಡಬೇಕಾಗಿ ಬಂದದ್ದನ್ನು ನೆನೆದರೆ ಉಳಿದದ್ದು ಅರ್ಥವಾಗುತ್ತದೆ. ಯೋಜನೆಗಳ ಗಡಿಯಾರ ಓಡುತ್ತಿರುತ್ತದೆ, ಮಾಹಿತಿಯ ಗಡಿಯಾರ ಎರಡನೆಯ ಮೇಲ್ಮನವಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ಮಾಹಿತಿಯನ್ನು ಅಲ್ಲಗಳೆಯಬೇಕಾದ ಅಗತ್ಯವೇ ಇಲ್ಲಿ ಕಚೇರಿಗಳಿಗೆ ಬೀಳುವುದಿಲ್ಲ.

ಕರ್ನಾಟಕದ ಮಟ್ಟಿಗೆ ಇದು ವಿಶೇಷವಾಗಿ ನೋವಿನ ಸಂಗತಿ. ಕೇಂದ್ರದ ಅಧಿನಿಯಮ ಬರುವುದಕ್ಕೆ ಐದು ವರ್ಷ ಮುಂಚೆ, 2000ದಲ್ಲೇ, ಸ್ವಂತ ಮಾಹಿತಿ ಹಕ್ಕು ಕಾಯಿದೆಯನ್ನು ಮಾಡಿದ ರಾಜ್ಯ ನಮ್ಮದು. ಅದೇ ರಾಜ್ಯ 2008ರಲ್ಲಿ ನಿಯಮ ತಿದ್ದಿ, ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂದಿತು. ಒಂದು ಅಣೆಕಟ್ಟು ಅರಣ್ಯವೋ, ನೀರಾವರಿಯೋ, ಕಂದಾಯವೋ? ವಿಷಯ ಒಂದಕ್ಕಿಂತ ಹೆಚ್ಚಿದೆ ಎಂದು ಅರ್ಜಿ ವಾಪಸು ಮಾಡಲು ಇದೊಂದು ನೆಪ ಸಿಕ್ಕಿದೆ.

ಈಚಿನ ಹೊಡೆತ ಇನ್ನೂ ಆಳವಾದದ್ದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ನಮ್ಮ ಕಾಯಿದೆಯ ಕಲಂ 8(1)(ಜೆ)ಯನ್ನು ಬದಲಿಸಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಖಾಸಗಿತನಕ್ಕೆ ಅನುಚಿತವಾಗಿ ಭಂಗ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಯಬಹುದು, ಅದನ್ನೂ ವ್ಯಾಪಕ ಸಾರ್ವಜನಿಕ ಹಿತವಿದ್ದರೆ ಕೊಡಬೇಕು ಎಂದು ಮೊದಲು ಆ ಕಲಮಿನಲ್ಲಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬಷ್ಟೇ ಮಾತು ಉಳಿದಿದೆ. ಕಲ್ಲುಕ್ವಾರಿಯ ಗುತ್ತಿಗೆ ಯಾರದು, ಪರಿಹಾರದ ಪಟ್ಟಿಯಲ್ಲಿ ಯಾರಿದ್ದಾರೆ, ಒತ್ತುವರಿ ಯಾರ ಹೆಸರಿಗೆ ಸಕ್ರಮವಾಯಿತು ಎಂಬ ಪ್ರಶ್ನೆಗಳೆಲ್ಲ ಹೆಸರುಗಳನ್ನೇ ಕೇಳುತ್ತವೆ. ಇಂಥ ಹಿಂಬರಹ ಬಂದಾಗ ಗಮನಿಸಬೇಕಾದದ್ದು ಕಲಂ 8(2). ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ವಿನಾಯಿತಿಯನ್ನು ಮೀರಿ ಮಾಹಿತಿ ಕೊಡಬಹುದೆಂಬ ಆ ಕಲಂ ಇನ್ನೂ ಜೀವಂತವಾಗಿದೆ. ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿಯೇ ಬರೆಯಬೇಕು. ಬರೆಯದಿದ್ದರೆ ಯಾರೂ ನಿಮ್ಮ ಪರವಾಗಿ ನೆನಪಿಸಿಕೊಳ್ಳುವುದಿಲ್ಲ.

ಅನುಭವದಿಂದ ಕಲಿತ ಒಂದು ಮಾತನ್ನು ವಿದ್ಯಾರ್ಥಿ ಮಿತ್ರರಿಗೆ ಹೇಳಬೇಕು. ಪ್ರತಿ ಕೇಳುವುದಕ್ಕಿಂತ ಕಡತವನ್ನು ಖುದ್ದಾಗಿ ನೋಡಲು ಕೇಳಿ. ಕಲಂ 2(ಜೆ) ದಾಖಲೆಗಳನ್ನು ಮಾತ್ರವಲ್ಲ, ಕಾಮಗಾರಿಯನ್ನೂ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಮೇಜಿನ ಎದುರು ಕುಳಿತ ಊರಿನ ನಾಲ್ವರನ್ನು ಹಿಂಬರಹದಿಂದ ಕಳಿಸುವುದು ಸುಲಭವಲ್ಲ. ಎರಡನೆಯದಾಗಿ, ಮೊದಲ ಮೇಲ್ಮನವಿಯ ವಿಚಾರಣೆಯನ್ನು ಔಪಚಾರಿಕವೆಂದು ಬಿಡಬೇಡಿ. ಹೋಗಿ, ಕಾರಣ ಕೇಳಿ, ಆ ಕಾರಣವನ್ನು ಆದೇಶದಲ್ಲಿ ಬರೆಯಿರೆಂದು ಒತ್ತಾಯಿಸಿ. ಆಯೋಗದ ಮುಂದೆ ನಿಲ್ಲುವ ದಿನ ನಿಮ್ಮ ಕೈಯಲ್ಲಿ ಪ್ರಶ್ನಿಸಲು ಏನಾದರೂ ಇರಬೇಕಷ್ಟೆ. ಗಾಡ್ಗೀಳ್ ವರದಿಯ ಅರ್ಜಿದಾರರಿಗೆ ಅದು ಇತ್ತು.

ಇನ್ನು ಸರ್ಕಾರದಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಯೋಜನೆಯೊಂದರ ಕುರಿತು ಮಾಹಿತಿ ಕೇಳಿದ ಅರ್ಜಿ ಅಥವಾ ಮೇಲ್ಮನವಿ ಬಾಕಿ ಇರುವಾಗ ಆ ಯೋಜನೆಯ ಆಕ್ಷೇಪಣೆಯ ಅವಧಿ ಮುಗಿಯಬಾರದು. ಮಹತ್ವದ ನೀತಿಗಳನ್ನು ರೂಪಿಸುವಾಗ, ಜನರ ಮೇಲೆ ಪರಿಣಾಮ ಬೀರುವ ನಿರ್ಧಾರಗಳನ್ನು ಪ್ರಕಟಿಸುವಾಗ ಸಂಬಂಧಿಸಿದ ಎಲ್ಲ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದು ಕಲಂ 4(1)(ಸಿ) ಹೇಗೂ ಹೇಳುತ್ತದೆ. ಆ ಕಲಮನ್ನು ಪಾಲಿಸಿದ್ದರೆ ನಮ್ಮ ಅರ್ಜಿಗಳಲ್ಲಿ ಅರ್ಧಕ್ಕರ್ಧ ಬರೆಯಬೇಕಾಗಿಯೇ ಇರಲಿಲ್ಲ.

ನಮ್ಮೂರಿನ ಎರಡನೆಯ ಮೇಲ್ಮನವಿಗೆ ನೋಂದಣಿ ಸಂಖ್ಯೆ ಬಂದಿದೆ, ವಿಚಾರಣೆಯ ದಿನಾಂಕ ಬಂದಿಲ್ಲ. ರಸ್ತೆಯ ಕೆಲಸ ಮುಗಿದು ಒಂದು ಮಳೆಗಾಲ ಕಳೆಯಿತು. ಕಡಿದ ಗುಡ್ಡದ ಮಣ್ಣು ಕೆಳಗಿನ ಎರಡು ಗದ್ದೆಗಳ ಮೇಲೆ ಬಂದು ಕುಳಿತಿದೆ. ಆ ಗದ್ದೆಯ ಒಡೆಯರು ಈಗ ಹೊಸ ಅರ್ಜಿಯೊಂದನ್ನು ಬರೆಸಿದ್ದಾರೆ: ಗುಡ್ಡದ ಇಳಿಜಾರಿಗೆ ತಡೆಗೋಡೆ ಮಂಜೂರಾಗಿತ್ತೇ, ಆಗಿದ್ದರೆ ಅದರ ಬಿಲ್ಲು ಯಾವ ತಾರೀಖಿನಂದು ಪಾವತಿಯಾಯಿತು?