ನಿವಾಸಿ, ಪ್ರವಾಸಿ

‘ನಿವಾಸಿ’, ‘ಪ್ರವಾಸಿ’ ಎಂಬ ಶಬ್ದಗಳೆರಡಕ್ಕೂ ಧಾತುವು ಒಂದೇ. ‘ವಸ್’, ಎಂದರೆ ವಾಸಮಾಡು. ಪ್ರವಾಸಿಯೆಂದರೆ ಊರು ನೋಡಿಬರುವವನೆಂದು ನಾವು ಈಗ ತಿಳಿಯುತ್ತೇವಾದರೂ, ಮನೆಯಿಂದ ದೂರದಲ್ಲಿ ವಾಸಿಸುವವನೆಂಬುದೇ ಅದರ ಮೂಲಾರ್ಥ. ಉಪಸರ್ಗವೊಂದು ಬದಲಾದ ಮಾತ್ರಕ್ಕೆ ನಮ್ಮವನು ಪರನಾಗುವನೆ? ಈ ಪ್ರಶ್ನೆಯನ್ನೇ ಬಾಳಿನ ಕಾರ್ಯವಾಗಿ ಮಾಡಿಕೊಂಡ ಪತ್ರಿಕಾಕರ್ತರೊಬ್ಬರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಬನಾರಸೀದಾಸ ಚತುರ್ವೇದಿಗಳು 1892ರಲ್ಲಿ ಫಿರೋಜಾಬಾದಿನಲ್ಲಿ ಜನಿಸಿದವರು. ಮೊದಲಿಗೆ ನನ್ನಂತೆಯೇ ಉಪಾಧ್ಯಾಯರು. 1914ರಲ್ಲಿ ತೋತಾರಾಮ ಸನಾಢ್ಯರೆಂಬವರು ಫಿಜಿ ದ್ವೀಪದಿಂದ ಹಿಂದಿರುಗಿದರು. 1879ರಿಂದ 1916ರ ವರೆಗೆ ಸುಮಾರು 60,000 ಭಾರತೀಯರನ್ನು ಐದು ವರ್ಷಗಳ ಕರಾರಿನ ಮೇಲೆ ಆ ದ್ವೀಪಕ್ಕೆ ಸಾಗಿಸಲಾಯಿತು. ಹೆಚ್ಚಿನವರ ಪಾಲಿಗೆ ಬಂದುದು ಕಬ್ಬಿನ ತೋಟದ ದುಡಿಮೆ. ‘ಅಗ್ರಿಮೆಂಟ್’ ಎಂಬ ಮಾತು ಆ ಬಡವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. 1893ರಲ್ಲಿ ಹಾಗೆ ಹೋದವರೇ ತೋತಾರಾಮರು. ಅವರ ಇಪ್ಪತ್ತೊಂದು ವರ್ಷಗಳ ಕಥೆಯನ್ನು ಚತುರ್ವೇದಿಗಳು ಕೇಳಿ, ಹಿಂದಿಯಲ್ಲಿ ಬರೆದರು. ಗ್ರಂಥಕರ್ತನ ಹೆಸರನ್ನು ಮಾತ್ರ ತೋತಾರಾಮರದನ್ನೇ ಇರಿಸಿದರು. ನೊಂದವನದೇ ಅಲ್ಲವೆ ಕಥೆ!

ದೇಶದಲ್ಲಿ ಎದ್ದ ಕೂಗಿಗೆ ಆ ಪುಸ್ತಕವೂ ಬಲಕೊಟ್ಟಿತು. 1917ರಲ್ಲಿ ಕೂಲಿಗಳ ರವಾನೆ ನಿಂತಿತು; 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದುವು. ಚತುರ್ವೇದಿಗಳು ಅಷ್ಟಕ್ಕೇ ತೃಪ್ತರಾಗಲಿಲ್ಲ. ಉಪಾಧ್ಯಾಯವೃತ್ತಿಯನ್ನು ಬಿಟ್ಟು, ದೀನಬಂಧು ಆಂಡ್ರೂಸರೊಡಗೂಡಿ ಪ್ರವಾಸಿಗಳಿಗಾಗಿ ಬರೆದರು. 1928ರಲ್ಲಿ ಕಲಕತ್ತೆಯಲ್ಲಿ ಆರಂಭವಾದ ‘ವಿಶಾಲ ಭಾರತ’ ಮಾಸಪತ್ರಿಕೆಯ ಸಂಪಾದಕರಾದರು. 1952ರಿಂದ 1964ರ ವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದು, 1985ರಲ್ಲಿ ಕಾಲವಾದರು.

ಮುಂದಿನದನ್ನು ಅವರು ನೋಡಲಿಲ್ಲ. 1987ರಲ್ಲಿ ಫಿಜಿಯ ಸೈನ್ಯವು ಮೂಲನಿವಾಸಿಗಳ ಹಕ್ಕಿನ ಹೆಸರಿನಲ್ಲಿ ಸರಕಾರವನ್ನು ಉರುಳಿಸಿತು. ಗಿರ್ಮಿಟ್ ಮಾಡಿದವರ ಸಂತತಿಯವರು, ಅಲ್ಲಿಯೇ ಹುಟ್ಟಿ ಬೆಳೆದವರು, ಸಾವಿರಗಟ್ಟಲೆ ಗಂಟುಕಟ್ಟಿ ಬೇರೆ ದೇಶಗಳಿಗೆ ಹೊರಟರು. ಅಜ್ಜಂದಿರ ಸಂಕೋಲೆಯನ್ನು ಒಂದು ದೇಶಾಭಿಮಾನವು ಕಳಚಿತ್ತು; ಮೊಮ್ಮಕ್ಕಳ ಮನೆಯನ್ನು ಇನ್ನೊಂದು ದೇಶಾಭಿಮಾನವು ಬಿಡಿಸಿತು. ಆದುದರಿಂದ ದೇಶವನ್ನು ಪ್ರೀತಿಸೆಂದು ಮಕ್ಕಳಿಗೆ ಹೇಳಿದರೆ ಸಾಲದು. ಆ ಪ್ರೀತಿಯು ಯಾರನ್ನು ಹೊರಗೆ ನಿಲ್ಲಿಸುತ್ತದೆಂದು ಕೇಳಿಕೊಳ್ಳುವುದನ್ನೂ ಕಲಿಸಬೇಕು. ನಾನು ತರಗತಿಯಲ್ಲಿ ಮೊದಲನೆಯದನ್ನಷ್ಟೇ ಹೇಳಿದೆ.

ನಮ್ಮ ಬೀದಿಯಲ್ಲಿ ಮನೆ ಕಟ್ಟಲು ದೂರದ ಸೀಮೆಯಿಂದ ಕೆಲಸಗಾರರು ಬಂದು ಮೂರು ತಿಂಗಳಾಯಿತು. ಅವರ ಊರು ಯಾವುದೆಂದು ನಾನು ಇನ್ನೂ ಕೇಳಿಲ್ಲ. ನಾಳೆ ಬೆಳಗ್ಗೆ ಕೇಳುವೆನು.