ಮಿಂಚಂಚೆ: ಸೌಲಭ್ಯವೋ, ಸಂಕಷ್ಟವೋ?

ವಿಜ್ಞಾನವು ಮಾನವನಿಗಿತ್ತ ಸೌಲಭ್ಯಗಳಲ್ಲಿ ಮಿಂಚಂಚೆಯೂ ಒಂದೆಂಬುದು ನಿರ್ವಿವಾದ. ಉದ್ಯೋಗನಿಮಿತ್ತ ಹುಟ್ಟೂರನ್ನು ತೊರೆದು ಮಹಾನಗರಗಳನ್ನು ಸೇರಿದ ಕನ್ನಡಿಗರಿಗೆ ಊರಿನ ಕ್ಷೇಮಸಮಾಚಾರ ತಿಳಿಯಲು ಒಂದು ಕಾಲದಲ್ಲಿ ಅಂಚೆಯವನ ದಾರಿ ಕಾಯುವುದು ಅನಿವಾರ್ಯವಾಗಿತ್ತು. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಅಂತರಜಾಲ ಸೇವೆಯು ಸಾರ್ವಜನಿಕರಿಗೆ ದೊರೆತ ತರುವಾಯ ಆ ಕಾಯುವಿಕೆ ಕ್ರಮೇಣ ತಪ್ಪಿತು. ಆದರೆ ಪತ್ರವು ಬೇಗ ಬರುವುದು ಬೇರೆ, ಬಂದ ಪತ್ರವು ಕಣ್ಣಿಗೆ ಬೀಳುವುದು ಬೇರೆ.

ನಾಚಾರಂನ ಕೈಗಾರಿಕಾ ಪ್ರದೇಶದಲ್ಲಿ ದುಡಿದು, ನಿವೃತ್ತಿಯ ನಂತರ ಅಲ್ಲಿಯೇ ನೆಲೆಸಿದ ಕನ್ನಡಿಗ ಹಿರಿಯರೊಬ್ಬರ ಮನೆಯ ಪ್ರಸಂಗವು ಇಲ್ಲಿ ವಿಚಾರಾರ್ಹ. ಪತ್ನಿಯ ರಕ್ತಪರೀಕ್ಷೆಯ ವರದಿಯನ್ನು ಮಿಂಚಂಚೆಯಲ್ಲಿ ಕಳುಹಿಸುವುದಾಗಿ ಪ್ರಯೋಗಾಲಯದವರು ತಿಳಿಸಿದ್ದರು. ವರದಿ ಅದೇ ಸಂಜೆ ಬಂದಿತು; ಆದರೆ ಸೀರೆ ಅಂಗಡಿಯ ರಿಯಾಯಿತಿ, ಸಾಲದ ಆಮಿಷ, ಪ್ರವಾಸದ ಜಾಹೀರಾತುಗಳ ನಡುವೆ ಹುದುಗಿಹೋಯಿತು. ಹನ್ನೆರಡು ದಿನಗಳ ಬಳಿಕ ರಜೆಗೆಂದು ಬಂದ ಮಗಳು ಅದನ್ನು ಹುಡುಕಿ ತೆಗೆದಳು. ತೆರೆಯಲು ಗುಪ್ತಪದ ಬೇಕು. ಅದರ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಸಂದೇಹ ಕೇಳಿ ಬರೆದುದಕ್ಕೆ, ಆ ವಿಳಾಸಕ್ಕೆ ಯಾರೂ ಬರೆಯಕೂಡದೆಂಬ ಯಾಂತ್ರಿಕ ಉತ್ತರ. ಕೊನೆಗೆ ವರದಿಯನ್ನು ಕಂಡ ವೈದ್ಯರು, ಸಕ್ಕರೆ ಕಾಯಿಲೆಗೆ ಹನ್ನೆರಡು ದಿನ ಮೊದಲೇ ಔಷಧಿ ಆರಂಭವಾಗಬೇಕಿತ್ತೆಂದರು.

ಈ ತೊಡಕಿನ ಮೂಲ ಹಳೆಯದು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಜಾಲದ ಮೂಲಕ ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಪತ್ರ ಕಳುಹಿಸಿದಾಗ ಅದನ್ನು ಬಳಸುತ್ತಿದ್ದವರು ಕೆಲವೇ ಸಂಶೋಧಕರು. 1982ರಲ್ಲಿ ರೂಪುಗೊಂಡ ರವಾನೆಯ ನಿಯಮಗಳೂ ಬರೆದವನು ನಿಜವಾಗಿ ಯಾರೆಂದು ಪರೀಕ್ಷಿಸಲಿಲ್ಲ. ಇನ್‌ಲ್ಯಾಂಡ್ ಪತ್ರದ ಬೆನ್ನಿನ ಮೇಲೆ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಇದೂ ಹಾಗೆಯೇ. ಪರೀಕ್ಷೆಯ ಉಪಾಯಗಳು ಬಂದುದು ಅನಂತರ. ಮೇಲಾಗಿ ಇನ್‌ಲ್ಯಾಂಡಿಗೆ ಹಣ ತೆರಬೇಕಿತ್ತು. ಮಿಂಚಂಚೆಯಲ್ಲಾದರೋ ಒಬ್ಬನಿಗೆ ಬರೆಯುವ ಖರ್ಚಿಗೂ ಸಾವಿರ ಮಂದಿಗೆ ಬರೆಯುವ ಖರ್ಚಿಗೂ ಹೆಚ್ಚಿನ ಅಂತರವಿಲ್ಲ. 1978ರಷ್ಟು ಹಿಂದೆಯೇ ಮಾರಾಟ ಅಧಿಕಾರಿಯೊಬ್ಬ ಸುಮಾರು 400 ಮಂದಿಗೆ ಒಮ್ಮೆಗೇ ಜಾಹೀರಾತು ಕಳುಹಿಸಿದ್ದನು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಹೇಳುವುದಾದರೆ, ಲಾಭ ಕಳುಹಿಸುವವನ ಖಾತೆಗೆ ಜಮೆಯಾಗುತ್ತದೆ, ವೆಚ್ಚ ಓದುವವನ ಖಾತೆಗೆ ಖರ್ಚು ಬೀಳುತ್ತದೆ. ಆದಕಾರಣ ಸುಧಾರಣೆಯ ಹೊಣೆಯನ್ನೂ ಕಳುಹಿಸುವವನೇ ಹೊರುವುದು ನ್ಯಾಯ.

ಇದು ಅಸಾಧ್ಯವೇನಲ್ಲ. ವಂಚಕರು ಬ್ಯಾಂಕುಗಳ ಹೆಸರನ್ನು ದುರುಪಯೋಗಪಡಿಸುವುದನ್ನು ತಡೆಯಲು, ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗಾಗಿ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಜಾಲವಿಳಾಸಗಳಿಗೆ ವರ್ಗಾವಣೆಗೊಳ್ಳಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತು. ಇವುಗಳ ನೋಂದಣಿಯ ಹೊಣೆ, ರಿಸರ್ವ್ ಬ್ಯಾಂಕೇ 1996ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆಯದು. ಆಸ್ಪತ್ರೆ ಹಾಗೂ ಪ್ರಯೋಗಾಲಯಗಳಿಗೂ ಇಂತಹುದೇ ಪ್ರತ್ಯೇಕ ಗುರುತು ಏಕಿರಬಾರದು?

ಇದರ ಜೊತೆಗೆ ಮೂರು ಕ್ರಮಗಳು ಅವಶ್ಯ. ಮೊದಲನೆಯದಾಗಿ, ಜಾಹೀರಾತನ್ನೂ ವರದಿಯನ್ನೂ ಒಂದೇ ವಿಳಾಸದಿಂದ ಕಳುಹಿಸಕೂಡದು. ಎರಡನೆಯದಾಗಿ, ಪತ್ರದ ಆರಂಭದಲ್ಲಿ ಅದರ ಸಾರಾಂಶವು ಎರಡು ಸಾಲುಗಳಲ್ಲಿ ಓದುಗನ ಭಾಷೆಯಲ್ಲಿರಬೇಕು. ನಾಚಾರಂನಲ್ಲಿ ಅದು ತೆಲುಗೋ ಕನ್ನಡವೋ ಉರ್ದುವೋ ಆಗಿರಬಹುದು. ಮೂರನೆಯದಾಗಿ, ಉತ್ತರಿಸುವ ಮನುಷ್ಯನೊಬ್ಬನಿರಬೇಕು. ಆತಂಕಕಾರಿ ಫಲಿತಾಂಶವಿದ್ದಲ್ಲಿ ದೂರವಾಣಿಯ ಕರೆ ಕಡ್ಡಾಯವಾಗಬೇಕು.

ನಿಯಮಗಳು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅಂಗಡಿಗಳಿಗೊಂದು, ಬ್ಯಾಂಕು ಮತ್ತು ವೈದ್ಯರಿಗೊಂದು ಎಂದು ಎರಡು ವಿಳಾಸಗಳನ್ನಿಟ್ಟುಕೊಳ್ಳುವುದು ಸುಲಭ. ಹಿಂದೆ ಓದುಬರಹ ಬಾರದವರಿಗೆ ನೆರೆಮನೆಯ ಹುಡುಗರು ಪತ್ರ ಓದಿ ಹೇಳುತ್ತಿದ್ದರು. ಆ ಸೇವೆಯನ್ನು ಸಂಘದ ತರುಣರು ತಿಂಗಳಿಗೊಂದು ಭಾನುವಾರ ಹಿರಿಯರ ಪಕ್ಕದಲ್ಲಿ ಕುಳಿತು ಪುನರಾರಂಭಿಸಿದರೆ, ವರದಿಗಳು ಕಸದ ನಡುವೆ ಬಿದ್ದಿರುವುದು ಕಡಿಮೆಯಾದೀತು.